ತೂಕದ ಮಷೀನ್ ಮೇಲೆ ನಿಂತವರು, ಸೋಫಾದಲ್ಲಿ ಕೂತವರು

ತೂಕ ಇಳಿಸುವ ರಿಯಾಲಿಟಿ ಶೋವನ್ನು ದಪ್ಪಗಿರುವವರು ನೋಡುವಾಗ, ಉಳಿದವರು ಗಮನಿಸದ ಕಡೆಗೆಲ್ಲ ಅವರ ಕಣ್ಣು ಹೋಗುತ್ತದೆ. ಸ್ಪರ್ಧಿಗಳು ಕೂತ ಕುರ್ಚಿಗೆ ಕೈಗಳಿವೆಯೇ, ಇದ್ದರೆ ತೊಡೆಗೆ ಒತ್ತುತ್ತಿವೆಯೇ? ಮೈಕ್‌ನ ಪಟ್ಟಿಯನ್ನು ಹೊಟ್ಟೆಯ ಮಡಿಕೆಯ ಮೇಲೆ ಬಿಗಿದಿದ್ದಾರೋ ಕೆಳಗೋ? ಎತ್ತರದ ಪೆಟ್ಟಿಗೆ ಹತ್ತಿ ಇಳಿಯಲು ಹೇಳಿದಾಗ ಅವರ ಕೈ ಮೊದಲು ಯಾವ ಮಂಡಿಗೆ ಹೋಯಿತು? ಓಡಿ ಮುಗಿಸಿದವರು ಕಾಲು ಅಗಲಿಸಿ ನಡೆಯುತ್ತಿದ್ದರೆ ಕ್ಯಾಮೆರಾ ಅದನ್ನು ಸುಸ್ತು ಎಂದು ತೋರಿಸುತ್ತದೆ. ತೊಡೆಗಳು ಒಂದಕ್ಕೊಂದು ಉಜ್ಜಿ ಚರ್ಮ ಸುಲಿದಿದೆ, ಬೆವರು ತಾಗಿ ಉರಿಯುತ್ತಿದೆ ಎಂದು ಇವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ.

ಇಂಥ ಶೋಗಳ ಬಗ್ಗೆ ಚರ್ಚೆ ಬಂದಾಗಲೆಲ್ಲ ಎರಡೇ ಮಾತು ಕೇಳಿಬರುತ್ತವೆ. ದಪ್ಪಗಿರುವವರಿಗೆ ಇದರಿಂದ ಸ್ಫೂರ್ತಿ ಸಿಗುತ್ತದೆ ಎನ್ನುವುದು ಒಂದು, ಇದು ಅವರಿಗೆ ಮಾಡುವ ಅವಮಾನ ಎನ್ನುವುದು ಇನ್ನೊಂದು. ಆಸ್ಟ್ರೇಲಿಯಾದ ಕೇಟ್ ಹಾಲೆಂಡ್, ವಾರ್ವಿಕ್ ಬ್ಲಡ್ ಮತ್ತು ಸಮಂತಾ ಥಾಮಸ್ ಸ್ಥೂಲಕಾಯದವರನ್ನೇ ಮಾತಾಡಿಸಿ, ಅವರು ಈ ಶೋಗಳನ್ನು ಹೇಗೆ ಸ್ವೀಕರಿಸುತ್ತಾರೆ ಎಂಬುದರ ಮೇಲೆ 2015ರಲ್ಲಿ ಲೇಖನ ಪ್ರಕಟಿಸಿದರು. ಆ ಬಗೆಯ ಕೆಲಸ ಅಪರೂಪ. ಶೋ ಮಾಡುವವರು, ಟೀಕಿಸುವವರು, ವೈದ್ಯರು ಎಲ್ಲರೂ ದಪ್ಪಗಿರುವವರ ಪರವಾಗಿ ಮಾತಾಡುತ್ತಾರೆ. ಅವರನ್ನೇ ಕೇಳುವವರು ಕಡಿಮೆ. ಕೇಳಿದರೆ ಸ್ಫೂರ್ತಿಯೂ ಸಿಟ್ಟೂ ಒಬ್ಬರಲ್ಲೇ, ಒಂದೇ ಎಪಿಸೋಡಿನಲ್ಲಿ, ಕೆಲವೊಮ್ಮೆ ಒಂದೇ ದೃಶ್ಯದಲ್ಲಿ ಇರುತ್ತವೆ. ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದ ಸಂಗತಿ ಇನ್ನೊಂದಿದೆ. ಶೋ ಹೇಳುವುದನ್ನು ಪೂರ್ತಿ ನಂಬಿಬಿಡುವವರು ಹೆಚ್ಚಾಗಿ ಪಕ್ಕದಲ್ಲಿ ಕೂತು ನೋಡುವ ತೆಳ್ಳಗಿನವರು. ಆ ನಂಬಿಕೆಯ ಬೆಲೆ ತೆರುವವರು ದಪ್ಪಗಿರುವವರು.

ಈ ಬಗೆಯ ಶೋಗಳಲ್ಲಿ ಎಲ್ಲರಿಗೂ ಗೊತ್ತಿರುವುದು ದಿ ಬಿಗ್ಗೆಸ್ಟ್ ಲೂಸರ್. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 2004ರ ಅಕ್ಟೋಬರ್‌ನಲ್ಲಿ ಶುರುವಾಗಿ 2016ರವರೆಗೆ 17 ಸೀಸನ್ ನಡೆಯಿತು, 2020ರಲ್ಲಿ ಬೇರೆ ಚಾನೆಲ್‌ನಲ್ಲಿ ಮತ್ತೆ ಬಂತು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲೂ ಅದರದೇ ಅವತರಣಿಕೆಗಳು ಬಂದವು. ರಚನೆ ಸರಳ: ಸ್ಪರ್ಧಿಗಳನ್ನು ಮನೆಯಿಂದ ದೂರದ ಒಂದು ಆವರಣದಲ್ಲಿ ಇರಿಸುತ್ತಾರೆ, ಟ್ರೇನರ್‌ಗಳು ಕಸರತ್ತು ಮಾಡಿಸುತ್ತಾರೆ, ವಾರದ ಕೊನೆಗೆ ತೂಕ ನೋಡುತ್ತಾರೆ, ಕಡಿಮೆ ಇಳಿಸಿದವರು ಮನೆಗೆ ಹೋಗುವ ಅಪಾಯದಲ್ಲಿ ನಿಲ್ಲುತ್ತಾರೆ. ಎನ್‌ಬಿಸಿಯ ಸೀಸನ್‌ಗಳಲ್ಲಿ ಗೆದ್ದವರಿಗೆ 2,50,000 ಡಾಲರ್ ಸಿಗುತ್ತಿತ್ತು. ತೂಕ ಹಾಕುವಾಗ ಗಂಡಸರು ಅಂಗಿ ಬಿಚ್ಚಿ ನಿಲ್ಲಬೇಕು, ಹೆಂಗಸರು ಸ್ಪೋರ್ಟ್ಸ್ ಬ್ರಾದಲ್ಲಿ. ತೂಕ ಗೊತ್ತಾಗಲು ಅಂಗಿ ಬಿಚ್ಚಬೇಕಾಗಿಲ್ಲ, ಅಂಗಿಯ ತೂಕ ಒಂದೆರಡು ನೂರು ಗ್ರಾಮ್. ಬಿಚ್ಚಿಸುವುದು ಹೊಟ್ಟೆ ಕಾಣಲಿ ಎಂದು. ದಪ್ಪಗಿರುವ ವೀಕ್ಷಕರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಫೈನಲ್‌ನಲ್ಲಿ ಅದೇ ಸ್ಪರ್ಧಿಗೆ ಒಳ್ಳೆಯ ಉಡುಪು ಸಿಗುತ್ತದೆ, ಜೋತುಬಿದ್ದ ಚರ್ಮ ಬಿಗಿ ಒಳಉಡುಪಿನೊಳಗೆ ಸೇರಿಕೊಳ್ಳುತ್ತದೆ. ಬಟ್ಟೆಯ ಮರ್ಯಾದೆ ತೆಳ್ಳಗಾದ ಮೇಲೆ ಸಿಗುವ ಬಹುಮಾನ ಎಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಅಗತ್ಯವೂ ಬೀಳುವುದಿಲ್ಲ.

ತೂಕದ ಅಂಕಿಯ ಬಗ್ಗೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜನ ಮನೆಗೆ ಕೊಂಡೊಯ್ಯುವುದು ಅದನ್ನೇ. ಮೊದಲ ವಾರ ಒಬ್ಬ ಸ್ಪರ್ಧಿ 7 ಕಿಲೊ ಇಳಿಸಿದ ಎಂದಿಟ್ಟುಕೊಳ್ಳಿ. ಮೈಯ ಒಂದು ಕಿಲೊ ಕೊಬ್ಬು ಕರಗಲು ಸುಮಾರು 7,700 ಕಿಲೊಕ್ಯಾಲೊರಿ ಕೊರತೆ ಆಗಬೇಕು. 7 ಕಿಲೊ ಅಷ್ಟೂ ಕೊಬ್ಬೇ ಆಗಿದ್ದರೆ ವಾರಕ್ಕೆ 53,900, ದಿನಕ್ಕೆ 7,700 ಕಿಲೊಕ್ಯಾಲೊರಿ ಕೊರತೆ. ಏನೂ ತಿನ್ನದೆ ಇಡೀ ದಿನ ಕಸರತ್ತು ಮಾಡಿದರೂ ಹೆಚ್ಚಿನವರ ಮೈ ಅಷ್ಟು ಸುಡುವುದಿಲ್ಲ. ಹಾಗಾದರೆ ಉಳಿದ ತೂಕ ಎಲ್ಲಿ ಹೋಯಿತು? ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ, ಸುಮಾರು 400ರಿಂದ 500 ಗ್ರಾಮ್. ದೊಡ್ಡ ಮೈಯಲ್ಲಿ ಇನ್ನೂ ಹೆಚ್ಚು. ಪ್ರತಿ ಗ್ರಾಮ್ ತನ್ನ ಜೊತೆ ಸುಮಾರು 3 ಗ್ರಾಮ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಊಟ ಒಮ್ಮೆಲೇ ಕಡಿಮೆ ಮಾಡಿ ಕಸರತ್ತು ಹೆಚ್ಚಿಸಿದರೆ ಕೆಲವೇ ದಿನಗಳಲ್ಲಿ ಇದು ಖಾಲಿಯಾಗಿ ಒಂದೂವರೆಯಿಂದ ಎರಡು ಕಿಲೊ ಇಳಿಯುತ್ತದೆ. ಉಪ್ಪು ಕಡಿಮೆಯಾದರೆ ಮೈಯಲ್ಲಿ ನಿಂತ ನೀರು ಇನ್ನಷ್ಟು ಹೊರಹೋಗುತ್ತದೆ. ಕರುಳಿನಲ್ಲಿರುವ ಆಹಾರದ ತೂಕವೂ ತಗ್ಗುತ್ತದೆ. ಬೆವರಂತೂ ಲೆಕ್ಕ ಹಾಕುವುದು ಸುಲಭ: ಒಂದು ಲೀಟರ್ ಬೆವರಿದರೆ ಒಂದು ಕಿಲೊ, ಒಂದು ಲೀಟರ್ ನೀರು ಕುಡಿದರೆ ಅದು ವಾಪಸ್.

ಎರಡನೇ ವಾರ ಅಂಕಿ ದಿಢೀರನೆ ಕುಸಿಯುವುದೂ ಇದರಿಂದಲೇ. ಖಾಲಿಯಾಗಬೇಕಾದ ನೀರು ಆಗಲೇ ಖಾಲಿಯಾಗಿರುತ್ತದೆ. ರೂಢಿಯಿಲ್ಲದ ಕಸರತ್ತಿನಿಂದ ನೊಂದ ಸ್ನಾಯುಗಳು ಊದಿಕೊಂಡು ಹೊಸದಾಗಿ ನೀರು ಹಿಡಿಯುತ್ತವೆ. ಮೊದಲ ವಾರಕ್ಕಿಂತ ಹೆಚ್ಚು ದುಡಿದವರು ಮಷೀನ್ ಮೇಲೆ ಅರ್ಧ ಕಿಲೊ ಕಂಡು ಅಳುತ್ತಾರೆ, ಟ್ರೇನರ್ "ಮನಸ್ಸಿಟ್ಟು ಮಾಡಲಿಲ್ಲ" ಎನ್ನುತ್ತಾರೆ. ಡಯಟ್ ಮಾಡಿ ಅನುಭವ ಇರುವವರಿಗೆ, ಅಂದರೆ ದಪ್ಪಗಿರುವ ಬಹುತೇಕ ವಯಸ್ಕರಿಗೆ, ಈ ದೃಶ್ಯ ಚೆನ್ನಾಗಿ ಪರಿಚಯ. ತಮ್ಮ ಮೈಯಲ್ಲಿ ಆಗಿದ್ದನ್ನೇ ಪರದೆಯ ಮೇಲೆ ನೋಡುತ್ತಿರುತ್ತಾರೆ, ಆಗ ತಮ್ಮ ಮೇಲೆ ಬಿದ್ದ ಆರೋಪವನ್ನೂ.

ಶೇಕಡಾವಾರು ಲೆಕ್ಕದ ಅನ್ಯಾಯ ಬೇರೆ ಇದೆ. ಇಳಿದ ಕಿಲೊಗಳನ್ನು ಹಾಗೇ ಹೋಲಿಸಿದರೆ ದೊಡ್ಡ ಮೈಯವರಿಗೆ ಅನುಕೂಲ ಎಂದು ಶೋ ಶೇಕಡಾವಾರು ನೋಡುತ್ತದೆ. ಆದರೂ 200 ಕಿಲೊ ಇರುವವರು 7 ಕಿಲೊ ಇಳಿಸಿದರೆ ಶೇ 3.5. 95 ಕಿಲೊ ಇರುವ ಹೆಂಗಸು 3 ಕಿಲೊ ಇಳಿಸಿದರೆ ಶೇ 3.2, ಅವರು ಕೆಳಗಿನ ಸಾಲಿಗೆ ಹೋಗುತ್ತಾರೆ. ವಾರಕ್ಕೆ ಅರ್ಧದಿಂದ ಒಂದು ಕಿಲೊ ಎಂಬುದು ವೈದ್ಯರು ಸಾಮಾನ್ಯವಾಗಿ ಹೇಳುವ ಸುರಕ್ಷಿತ ವೇಗ. ವಾರಕ್ಕೆ ಒಂದೂವರೆ ಕಿಲೊಗಿಂತ ವೇಗವಾಗಿ ಇಳಿಸುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯ ಹೆಚ್ಚುತ್ತದೆ. ಆ ಸುರಕ್ಷಿತ ವೇಗದ ಮೂರು ಪಟ್ಟು, ಆರು ಪಟ್ಟು ವೇಗವನ್ನು ಹತ್ತಾರು ವಾರ ನೋಡಿದವರಿಗೆ ತಮ್ಮ ಅರ್ಧ ಕಿಲೊ ಸೋಲಿನಂತೆ ಕಾಣುತ್ತದೆ. ಒಳ್ಳೆಯ ಪ್ರಗತಿಯಲ್ಲಿದ್ದವರು ಪ್ರಯತ್ನವನ್ನೇ ಕೈಬಿಡಲು ಇದು ನೇರ ಕಾರಣವಾಗಬಲ್ಲದು.

ಇನ್ನು ಆ ಅಂಕಿಗಾಗಿ ಸ್ಪರ್ಧಿಗಳು ಏನೆಲ್ಲ ಮಾಡಿದರು ಎಂಬುದು ಗುಟ್ಟಾಗಿ ಉಳಿದಿಲ್ಲ. ಅಮೆರಿಕದ ಮೊದಲ ಸೀಸನ್ ಗೆದ್ದವರು ಕೊನೆಯ ತೂಕಕ್ಕೆ ಮುಂಚೆ ಉಪವಾಸವಿದ್ದು, ನೀರು ಬಿಟ್ಟು, ಮೂತ್ರದಲ್ಲಿ ರಕ್ತ ಬರುವ ಮಟ್ಟಕ್ಕೆ ಹೋಗಿದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2009ರ ಎಂಟನೇ ಸೀಸನ್‌ನ ಮೊದಲ ಸವಾಲು ಒಂದು ಮೈಲಿ ಓಟ. ಇಬ್ಬರು ಆಸ್ಪತ್ರೆ ಸೇರಿದರು. ವರ್ಷಗಳಿಂದ ಓಡದ, 150 ಕಿಲೊ ತೂಗುವ ಮೈಯನ್ನು ಮೊದಲ ದಿನವೇ ಒಂದು ಮೈಲಿ ಓಡಿಸಬಾರದು ಎಂದು ಹೇಳಲು ತಜ್ಞರೇ ಬೇಕಿಲ್ಲ.

ಅದೇ ಎಂಟನೇ ಸೀಸನ್‌ನ ಸ್ಪರ್ಧಿಗಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷ ಬಿಟ್ಟು ಮತ್ತೆ ಅಳೆದರು. 2016ರಲ್ಲಿ ಬಂದ ಆ ಅಧ್ಯಯನದಲ್ಲಿ 14 ಜನ ಇದ್ದರು. 30 ವಾರಗಳ ಸ್ಪರ್ಧೆ ಮುಗಿದಾಗ ಅವರು ಸರಾಸರಿ 58 ಕಿಲೊ ಇಳಿಸಿದ್ದರು. ಆರು ವರ್ಷಗಳಲ್ಲಿ ಅದರಲ್ಲಿ 41 ಕಿಲೊ ವಾಪಸ್ ಬಂದಿತ್ತು. ಇದು ನಿರೀಕ್ಷಿತವೇ ಇರಬಹುದು. ಅದಕ್ಕಿಂತ ಬೆಚ್ಚಿಬೀಳಿಸುವುದು ಇನ್ನೊಂದು ಅಂಕಿ. ಸುಮ್ಮನೆ ಮಲಗಿದ್ದಾಗ ಮೈ ಸುಡುವ ಕ್ಯಾಲೊರಿ, ಅವರ ಆಗಿನ ತೂಕ ಮತ್ತು ವಯಸ್ಸಿಗೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆ ಇತ್ತು. ತೂಕ ಮರಳಿ ಬಂದರೂ ಮೈಯ ವೆಚ್ಚ ಮರಳಲಿಲ್ಲ. ಅಂದರೆ ಅದೇ ಎತ್ತರ, ಅದೇ ತೂಕದ ಇನ್ನೊಬ್ಬರು ತಿನ್ನುವುದಕ್ಕಿಂತ ಹೆಚ್ಚುಕಡಿಮೆ ಒಂದು ಹೊತ್ತಿನ ಊಟದಷ್ಟು ಕಡಿಮೆ ತಿಂದರೆ ಮಾತ್ರ ಅವರ ತೂಕ ಇದ್ದಲ್ಲಿ ನಿಲ್ಲುತ್ತದೆ, ಅದೂ ಪ್ರತಿದಿನ. ಕೊಬ್ಬಿನ ಕೋಶಗಳು ಮೆದುಳಿಗೆ "ಸಾಕಷ್ಟಿದೆ" ಎಂದು ತಿಳಿಸಲು ಕಳಿಸುವ ಲೆಪ್ಟಿನ್ ಹಾರ್ಮೋನು ಸ್ಪರ್ಧೆಗೆ ಮುಂಚೆ ಪ್ರತಿ ಮಿಲಿಲೀಟರ್ ರಕ್ತಕ್ಕೆ ಸರಾಸರಿ 41 ನ್ಯಾನೊಗ್ರಾಮ್ ಇದ್ದದ್ದು ಕೊನೆಗೆ 2.6ಕ್ಕೆ ಇಳಿದಿತ್ತು. ಆರು ವರ್ಷಗಳ ಮೇಲೂ 28ರ ಹತ್ತಿರ ಮಾತ್ರ ಇತ್ತು. ಫೈನಲ್‌ನ ಕಾಗದದ ಚೂರುಗಳ ಮಳೆಯಲ್ಲಿ ನಗುತ್ತಾ ನಿಂತವರ ಮೆದುಳಿಗೆ ಆ ಹೊತ್ತಿನಲ್ಲಿ ಬರುತ್ತಿದ್ದ ಸುದ್ದಿ ಬರಗಾಲದ್ದು.

ಹಾಲ್ ಮುಂದೆ 2022ರಲ್ಲಿ ಇದೇ ಮಾಹಿತಿಯನ್ನು ಮತ್ತೆ ಪರಿಶೀಲಿಸಿ, ಮೈಯ ವೆಚ್ಚ ಇಷ್ಟು ತಗ್ಗಲು ಸ್ಪರ್ಧಿಗಳು ಬಹಳ ಹೆಚ್ಚು ಕಸರತ್ತನ್ನು ಬಹುಕಾಲ ಮುಂದುವರಿಸಿದ್ದೂ ಕಾರಣವಿರಬಹುದು ಎಂದರು: ಒಂದು ಕಡೆ ಹೆಚ್ಚು ಖರ್ಚಾದರೆ ಮೈ ಇನ್ನೊಂದು ಕಡೆ ಉಳಿಸುತ್ತದೆ. ಇದೇ ಗುಂಪಿನಲ್ಲಿ ತೂಕ ಉಳಿಸಿಕೊಂಡವರೂ ಇದ್ದರು, ಅದನ್ನು ಮರೆಯಬಾರದು. 2017ರ ವರದಿಯ ಪ್ರಕಾರ ಅವರು ಚಟುವಟಿಕೆಯನ್ನು ಮೊದಲಿಗಿಂತ ಶೇ 160ರಷ್ಟು ಹೆಚ್ಚಿಸಿಕೊಂಡಿದ್ದರು. ತೂಕ ಮರಳಿ ಪಡೆದವರು ಶೇ 34ರಷ್ಟು. ತೂಕ ಉಳಿಸಿಕೊಳ್ಳಲು ಬೇಕಾದ ಹೆಚ್ಚಳ ಎಂದರೆ ದಿನಕ್ಕೆ ಹೆಚ್ಚುಕಡಿಮೆ 80 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಇಲ್ಲವೇ 35 ನಿಮಿಷ ಬಿರುಸಾದದ್ದು. ಸ್ಪರ್ಧೆಯ ಆವರಣದಲ್ಲಿ ವಾರಕ್ಕೆ ಆರು ದಿನ 90 ನಿಮಿಷ ಟ್ರೇನರ್ ಎದುರು, ಅದರ ಮೇಲೆ ಸ್ವಂತವಾಗಿ ದಿನಕ್ಕೆ 3 ಗಂಟೆಯವರೆಗೂ ಮಾಡಲು ಹುರಿದುಂಬಿಸುತ್ತಿದ್ದರು. ಕೆಲಸ, ಮಕ್ಕಳು, ಅಡುಗೆ ಇರುವ ಮನೆಯಲ್ಲಿ ಆ ನಾಲ್ಕೂವರೆ ಗಂಟೆ ಎಲ್ಲಿಂದ ಬರಬೇಕು?

ಈ ಫಲಿತಾಂಶಗಳು ಪತ್ರಿಕೆಗಳಲ್ಲಿ ಬಂದಾಗ ತೆಳ್ಳಗಿನವರಿಗೆ ಅದು ಆಶ್ಚರ್ಯದ ಸುದ್ದಿ. ಹತ್ತಾರು ಸಲ ತೂಕ ಇಳಿಸಿ ಹತ್ತಾರು ಸಲ ಮರಳಿ ಪಡೆದವರಿಗೆ ಅದು ಸಾಕ್ಷಿ. "ನೀನು ಕದ್ದು ತಿನ್ನುತ್ತಿರಬೇಕು" ಎಂಬ ಆರೋಪಕ್ಕೆ ಎದುರಾಗಿ ಇಡಬಹುದಾದ ಅಳತೆ ಸಿಕ್ಕಿತು. ಅದೇ ಸುದ್ದಿ ಕೆಲವರನ್ನು ಕುಗ್ಗಿಸಿದ್ದೂ ಸಹಜ: ಹಾಗಾದರೆ ಇಳಿಸಿ ಪ್ರಯೋಜನವೇನು? ಈ ಪ್ರಶ್ನೆಗೆ ಶೋದಲ್ಲಿ ಉತ್ತರ ಸಿಗುವುದಿಲ್ಲ, ಏಕೆಂದರೆ ಶೋಗೆ ಗೊತ್ತಿರುವ ಗುರಿ ಒಂದೇ, ಮೈಯನ್ನು ಅರ್ಧ ಮಾಡುವುದು. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ 3,234 ಜನರಿದ್ದರು. ಜೀವನಶೈಲಿ ಬದಲಿಸಿಕೊಂಡ ಗುಂಪಿಗೆ ಕೊಟ್ಟ ಗುರಿ ಶೇ 7ರಷ್ಟು ತೂಕ ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ, ಮೊದಲ 24 ವಾರಗಳಲ್ಲಿ ಒಬ್ಬೊಬ್ಬರಿಗೂ 16 ಪಾಠ. ಆ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ ಶೇ 58ರಷ್ಟು ತಗ್ಗಿತು. 110 ಕಿಲೊ ಇರುವವರಿಗೆ ಶೇ 7 ಎಂದರೆ 8 ಕಿಲೊಗೂ ಕಡಿಮೆ. ಶೋದಲ್ಲಿ ಅದು ಮೊದಲ ವಾರದ ಅಂಕಿ. ಅಷ್ಟಕ್ಕೇ ನಿಂತವರನ್ನು ಮನೆಗೆ ಕಳಿಸುತ್ತಾರೆ. ಮಂಡಿಯ ಲೆಕ್ಕವೂ ಹೀಗೇ. ಒಂದು ಕಿಲೊ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೊ ತಗ್ಗುತ್ತದೆ. ಐದು ಕಿಲೊ ಇಳಿಸಿದವರಿಗೆ ಮೆಟ್ಟಿಲು ಹತ್ತುವಾಗ ಆಗುವ ನೆಮ್ಮದಿಯನ್ನು ಕ್ಯಾಮೆರಾದಲ್ಲಿ ತೋರಿಸುವುದು ಕಷ್ಟ.

ಈಗ ಸೋಫಾದ ಕಡೆಗೆ ಬರೋಣ.

2012ರಲ್ಲಿ ಸಾರಾ ಡೊಮಾಫ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ಚಿಕ್ಕದು, 59 ಜನರದ್ದು. ಕೆಲವರಿಗೆ ದಿ ಬಿಗ್ಗೆಸ್ಟ್ ಲೂಸರ್‌ನ ಒಂದೇ ಎಪಿಸೋಡ್ ತೋರಿಸಿದರು, ಉಳಿದವರಿಗೆ ಪ್ರಕೃತಿಯ ಕುರಿತಾದ ಕಾರ್ಯಕ್ರಮ. ಶೋ ನೋಡಿದವರಲ್ಲಿ ದಪ್ಪಗಿರುವವರ ಬಗ್ಗೆ ಅಸಹನೆ ಹೆಚ್ಚಿತ್ತು, ತೂಕ ಪೂರ್ತಿ ಮನುಷ್ಯನ ಹತೋಟಿಯಲ್ಲಿದೆ ಎಂಬ ನಂಬಿಕೆಯೂ ಬಲವಾಗಿತ್ತು. ಅಸಹನೆ ಹೆಚ್ಚಾದದ್ದು ಮುಖ್ಯವಾಗಿ ತೆಳ್ಳಗಿದ್ದು, ತೂಕ ಇಳಿಸುವ ಪ್ರಯತ್ನದಲ್ಲಿ ಇಲ್ಲದವರಲ್ಲಿ. ಕೆನಡಾದ ತಾನ್ಯಾ ಬೆರ್‍ರಿ ಮತ್ತು ಸಂಗಡಿಗರು 2013ರಲ್ಲಿ ವಿದ್ಯಾರ್ಥಿಗಳಿಗೆ ಇದೇ ಶೋದ ತುಣುಕು ತೋರಿಸಿದಾಗ ವ್ಯಾಯಾಮದ ಬಗೆಗಿನ ಅವರ ಮನೋಭಾವವೇ ಕೆಟ್ಟಿತು. ಜನರನ್ನು ಕಸರತ್ತಿಗೆ ಎಬ್ಬಿಸುತ್ತದೆ ಎಂದು ಹೇಳಿಕೊಂಡು ಬಂದ ಶೋ ಕಸರತ್ತನ್ನು ವಾಂತಿ, ಕಿರುಚಾಟ, ಕುಸಿದುಬೀಳುವಿಕೆ ಎಂದು ತೋರಿಸಿದರೆ ಇನ್ನೇನಾಗುತ್ತದೆ.

ಒಂದೇ ಎಪಿಸೋಡಿಗೆ ಇಷ್ಟಾದರೆ ಸೀಸನ್‌ಗಟ್ಟಲೆ ನೋಡುವ ಮನೆಯಲ್ಲಿ ಏನಾದೀತು ಎಂದು ಯೋಚಿಸಿ. ತೂಕ ಹಾಕುವ ದೃಶ್ಯ ಮುಗಿದು ಜಾಹೀರಾತು ಬರುವ ಹೊತ್ತಿಗೆ ಮಾತು ಬೀಳುತ್ತದೆ: "ನೋಡು, ಮೂರೇ ತಿಂಗಳಲ್ಲಿ ಹೇಗಾಗಿದ್ದಾಳೆ. ಮನಸ್ಸು ಮಾಡಿದರೆ ಯಾರಿಗಾದರೂ ಆಗುತ್ತೆ." ಹೇಳಿದವರದು ಕೆಟ್ಟ ಮನಸ್ಸಲ್ಲ, ಪ್ರೀತಿಯಿಂದಲೇ ಹೇಳಿರುತ್ತಾರೆ. ಕೇಳಿದವರಿಗೆ ಮಾತ್ರ ಇಷ್ಟು ದಿನ ಇಲ್ಲದ ಹೊಸ ಅಳತೆಗೋಲು ಮನೆಯೊಳಗೆ ಬಂದು ಕೂತಂತಾಗುತ್ತದೆ. ಮರುದಿನ ಎರಡನೇ ಸಲ ಬಡಿಸಿಕೊಳ್ಳುವಾಗ ತಟ್ಟೆಯ ಮೇಲೆ ಕಣ್ಣುಗಳಿರುತ್ತವೆ. ಕಚೇರಿಯಲ್ಲಿ ಯಾರೋ ಟ್ರೇನರ್‌ನ ಧಾಟಿಯಲ್ಲಿ "ಇನ್ನೊಂದು ಮೆಟ್ಟಿಲು, ಬಿಡಬೇಡಿ!" ಎಂದು ನಗುತ್ತಾರೆ. ತಪಾಸಣೆಗೆ ಹೋದರೆ ವೈದ್ಯರು ಮಂಡಿ ಮುಟ್ಟಿ ನೋಡುವ ಮೊದಲೇ ತೂಕದ ಮಾತು ತೆಗೆಯುತ್ತಾರೆ. ಇದಕ್ಕೆಲ್ಲ ಶೋ ಒಂದೇ ಕಾರಣ ಎನ್ನುವುದು ಅತಿಯಾದೀತು. ಆದರೆ ತೂಕವೆಂದರೆ ಛಲದ ಪ್ರಶ್ನೆ ಎಂಬ ನಂಬಿಕೆಗೆ ವಾರವಾರವೂ ನೀರೆರೆಯುವುದು ಇಂಥ ಶೋಗಳೇ.

ಆ ನಂಬಿಕೆ ಎಷ್ಟು ಅರೆಬರೆ ಎಂಬುದಕ್ಕೆ ಹಳೆಯ ಸಾಕ್ಷ್ಯವಿದೆ. 1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಮತ್ತು ಸಂಗಡಿಗರು ಡೆನ್ಮಾರ್ಕ್‌ನಲ್ಲಿ ದತ್ತು ಹೋಗಿ ಬೆಳೆದ 540 ವಯಸ್ಕರನ್ನು ನೋಡಿದಾಗ, ಅವರ ದಪ್ಪ ಹೆತ್ತ ತಂದೆತಾಯಿಯ ದಪ್ಪಕ್ಕೆ ಹೊಂದುತ್ತಿತ್ತು, ಸಾಕಿದವರದ್ದಕ್ಕೆ ಹೊಂದಲಿಲ್ಲ. ತಿನ್ನುವುದು, ಓಡಾಡುವುದು ಲೆಕ್ಕಕ್ಕೇ ಇಲ್ಲ ಎಂದು ಇದರ ಅರ್ಥವಲ್ಲ. ಒಂದೇ ಅಡುಗೆಮನೆಯಲ್ಲಿ ಉಂಡು ಬೆಳೆದವರೂ ಬೇರೆಬೇರೆ ಮೈ ಪಡೆಯುತ್ತಾರೆ ಎಂದರ್ಥ. ಶೋದಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿ ದಪ್ಪಕ್ಕೆ ಕಾರಣವಾಗಿ ಒಂದು ದುಃಖದ ಕಥೆ ಬೇಕು: ಅಪ್ಪ ತೀರಿಕೊಂಡದ್ದು, ಮುರಿದ ಮದುವೆ, ಬಾಲ್ಯದ ಗಾಯ. ಕೆಲವರಿಗೆ ಅದು ನಿಜ, ಅವರಿಗೆ ಆ ದೃಶ್ಯ ತಮ್ಮ ಮಾತನ್ನೇ ಯಾರೋ ಆಡಿದಂತೆ ಇರುತ್ತದೆ. ಉಳಿದವರು, ಸಂತೋಷವಾಗಿ ಬೆಳೆದು ಸುಮ್ಮನೆ ದಪ್ಪಗಿರುವವರು, ತಮ್ಮೊಳಗೆ ಇಲ್ಲದ ಗಾಯಕ್ಕಾಗಿ ಹುಡುಕಬೇಕಾಗುತ್ತದೆ.

ಹೂಸ್ಟನ್ನಿನ ವೈದ್ಯರೊಬ್ಬರ ಸುತ್ತ 2012ರಿಂದ ನಡೆದುಬಂದ, 270 ಕಿಲೊ ಮೀರಿದವರ ಶಸ್ತ್ರಚಿಕಿತ್ಸೆಯ ಶೋ ಇದಕ್ಕಿಂತ ಭಿನ್ನ. ಅಲ್ಲಿ ಎಲಿಮಿನೇಷನ್ ಇಲ್ಲ, ಬಹುಮಾನ ಇಲ್ಲ, ದಿನಕ್ಕೆ 1,200 ಕ್ಯಾಲೊರಿಯ ಪಥ್ಯವಿದೆ, ವೈದ್ಯರ ನೇರ ಮಾತಿದೆ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಎಂದು ತೋರಿಸುವ ಮಟ್ಟಿಗೆ ಅದು ಮೇಲು. ಆದರೆ ಎಪಿಸೋಡಿನ ಮೊದಲ ಹತ್ತು ನಿಮಿಷಗಳಲ್ಲಿ ಮತ್ತೆಮತ್ತೆ ಬರುವ ಸ್ನಾನದ ದೃಶ್ಯ ಏಕೆ? ಒಬ್ಬರ ಮೈ ತೊಳೆಯಲು ಇನ್ನೊಬ್ಬರು ಬೇಕಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಅಷ್ಟು ತೂಕವಿಲ್ಲದ, 120 ಕಿಲೊ, 130 ಕಿಲೊ ಇರುವ ವೀಕ್ಷಕರು ಈ ಶೋ ನೋಡುವಾಗ ಎರಡು ಭಾವ ಬರುತ್ತವೆ: ನಾನು ಅಲ್ಲಿಲ್ಲವಲ್ಲ ಎಂಬ ಸಮಾಧಾನ, ಆ ಸಮಾಧಾನ ಬಂದದ್ದಕ್ಕೆ ನಾಚಿಕೆ. ತಾವು ಬೀದಿಯಲ್ಲಿ ನಡೆಯುವಾಗ ಬೇರೆಯವರ ಕಣ್ಣಲ್ಲಿ ಕಂಡ ನೋಟವೇ ಈಗ ತಮ್ಮ ಕಣ್ಣಲ್ಲಿ ಬಂತು ಎಂದು ಅವರಿಗೆ ತಿಳಿಯುತ್ತದೆ.

ಇಷ್ಟಾದರೂ ಏಕೆ ನೋಡುತ್ತಾರೆ? ಟಿವಿಯಲ್ಲಿ ದಪ್ಪಗಿರುವವರು ಕಥೆಯ ನಡುವೆ ನಿಲ್ಲುವ ಜಾಗ ಬಹಳ ಕಡಿಮೆ. ಧಾರಾವಾಹಿಯಲ್ಲಿ ಅವರು ನಗಿಸುವ ಗೆಳತಿ, ಸುದ್ದಿಯಲ್ಲಿ ತಲೆ ಕತ್ತರಿಸಿದ ಹೊಟ್ಟೆ. ಆನ್‌ಲೈನ್ ಸುದ್ದಿಗಳೊಂದಿಗೆ ಬಂದ ದಪ್ಪಗಿರುವವರ ಚಿತ್ರಗಳನ್ನು 2011ರಲ್ಲಿ ಅಮೆರಿಕದ ಸಂಶೋಧಕರು ಪರಿಶೀಲಿಸಿದಾಗ ಶೇ 72ರಷ್ಟು ಅವಹೇಳನಕಾರಿಯಾಗಿದ್ದವು. ರಿಯಾಲಿಟಿ ಶೋದಲ್ಲಿ ಅವರಿಗೆ ಹೆಸರಿದೆ, ಮುಖವಿದೆ, ಗೆಳೆತನವಿದೆ, ಗೆಲುವಿದೆ. ತನ್ನಷ್ಟೇ ತೂಕದ ಹೆಂಗಸು ಹಗ್ಗ ಹಿಡಿದು ಗೋಡೆ ಹತ್ತುವುದನ್ನು ನೋಡಿದಾಗ "ನನ್ನ ಮೈಯಿಂದಲೂ ಇದಾಗಬಹುದು" ಎಂದು ಅನಿಸುವುದು ಸುಳ್ಳಲ್ಲ. ಮರುದಿನ ಅರ್ಧ ಗಂಟೆ ನಡೆದು ಬರುವವರಿದ್ದಾರೆ. ತಿಂಡಿಯ ಬಟ್ಟಲು ತೊಡೆಯ ಮೇಲಿಟ್ಟುಕೊಂಡೇ ನೋಡುವವರೂ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಅವರು ಹುಡುಕುವುದು ಹೆಚ್ಚಾಗಿ ಜೊತೆಗಾರರನ್ನು, ಸಲಹೆಯನ್ನಲ್ಲ. ಶೋಗಳು ಸರಿಯಾಗಿ ಕೊಟ್ಟ ಒಂದೇ ವಸ್ತು ಇದು ಎಂದು ನಾನು ತಿಳಿದಿದ್ದೇನೆ.

ದಿ ಬಿಗ್ಗೆಸ್ಟ್ ಲೂಸರ್‌ನ 2014ರ ಫೈನಲ್ ಆ ಜೊತೆಗಾರಿಕೆಯನ್ನೂ ಅಲುಗಾಡಿಸಿತು. ಆ ಸೀಸನ್ ಗೆದ್ದ ಯುವತಿ 118 ಕಿಲೊದಿಂದ 48 ಕಿಲೊಗೂ ಕೆಳಗೆ ಬಂದು ನಿಂತಾಗ ಟ್ರೇನರ್‌ಗಳ ಮುಖ ಕಳೆಗುಂದಿದ್ದು ನೇರ ಪ್ರಸಾರದಲ್ಲೇ ಕಾಣಿಸಿತು. ಹೆಚ್ಚು ಇಳಿಸಿದವರಿಗೆ ಹಣ ಎಂದು ನಿಯಮ ಬರೆದವರು ಶೋದವರು. ಆಕೆ ಆ ನಿಯಮದಂತೆ ಗೆದ್ದಳು. ಮರುದಿನ ಬಯ್ಗುಳ ಬಿದ್ದದ್ದು ಆಕೆಗೆ. ದಪ್ಪಗಿದ್ದಾಗ ಮೈಯ ಬಗ್ಗೆ ತೀರ್ಪು, ತೆಳ್ಳಗಾದಾಗಲೂ ಮೈಯ ಬಗ್ಗೆ ತೀರ್ಪು.

2020ರಲ್ಲಿ ಮರಳಿ ಬಂದ ಆವೃತ್ತಿಯಲ್ಲಿ ಕೆಲವು ತಿದ್ದುಪಡಿಗಳಿದ್ದವು. ಹೊರಬಿದ್ದವರಿಗೆ ಜಿಮ್ ಸದಸ್ಯತ್ವ, ಆಹಾರ ತಜ್ಞರ ನೆರವು, ಬೆಂಬಲ ಗುಂಪಿನ ಸಂಪರ್ಕ ಕೊಟ್ಟರು. ತೂಕದ ಮಷೀನ್ ಮತ್ತು ಎಲಿಮಿನೇಷನ್ ಇದ್ದಲ್ಲೇ ಇದ್ದವು. ಆಮೇಲೆ ಹಸಿವನ್ನೇ ತಗ್ಗಿಸುವ ಔಷಧಗಳು ಬಂದವು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವಾರಕ್ಕೊಂದು ಸೆಮಾಗ್ಲುಟೈಡ್ ಚುಚ್ಚುಮದ್ದು ಪಡೆದವರು 68 ವಾರಗಳಲ್ಲಿ ಸರಾಸರಿ ಶೇ 15ರ ಹತ್ತಿರ ಇಳಿಸಿದರು. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಪಾಲು ಮರಳಿತು. ತಲೆಯೊಳಗೆ ಸದಾ ಕೊರೆಯುತ್ತಿದ್ದ ಊಟದ ಯೋಚನೆ ಔಷಧದಿಂದ ನಿಂತಾಗ, ತೆಳ್ಳಗಿನವರಿಗೆ ಅದು ಮೊದಲಿನಿಂದಲೂ ಇರಲಿಲ್ಲವೇ ಎಂದು ಬೆರಗಾಗುವವರು ಬಹಳ. ಮೇಜಿನ ತುಂಬ ತಿಂಡಿ ಹರವಿ, ಹೆಚ್ಚು ತಿಂದವರಿಗೆ ಮನೆಗೆ ಒಂದು ಫೋನ್ ಕರೆಯ ಅವಕಾಶ ಎಂದು ಆಮಿಷ ಒಡ್ಡುತ್ತಿದ್ದ ಹಳೆಯ ಸವಾಲುಗಳು ಈಗ ಅವರಿಗೆ ಬೇರೆ ರೀತಿ ಕಾಣುತ್ತವೆ. ಅದು ಛಲದ ಪರೀಕ್ಷೆಯಾಗಿರಲಿಲ್ಲ, ಹಾರ್ಮೋನು ಕುಸಿದ ಮೈಯ ಎದುರು ಅನ್ನ ಇಟ್ಟು ಆಡಿಸಿದ ಆಟ.

ಮನೆಯಲ್ಲಿ ಜೊತೆಗೆ ಕೂತು ನೋಡುವವರಿಗೆ ಮಾಡಬಹುದಾದ ಕೆಲಸ ಇದೆ. ಅಂಕಿ ಬಂದಾಗ ಅದನ್ನು ಪಕ್ಕದವರ ಮೈಗೆ ಹೋಲಿಸದಿರುವುದು ಮೊದಲನೆಯದು. ವಾರದಲ್ಲಿ ಇಳಿದ ಕಿಲೊವನ್ನು 7,700ರಿಂದ ಗುಣಿಸಿ 7ರಿಂದ ಭಾಗಿಸಿ ನೋಡಿ. ಇಳಿದದ್ದು ಅಷ್ಟೂ ಕೊಬ್ಬೇ ಆಗಿದ್ದರೆ ದಿನಕ್ಕೆ ಬೇಕಾಗುತ್ತಿದ್ದ ಕ್ಯಾಲೊರಿ ಕೊರತೆ ಅದು. ಅಷ್ಟು ಕೊರತೆ ಸಾಧ್ಯವೇ ಇಲ್ಲ ಎನಿಸಿದರೆ ಇಳಿದದ್ದರಲ್ಲಿ ನೀರಿನ ಪಾಲೂ ಇದೆ ಎಂದರ್ಥ. ಮಕ್ಕಳಿದ್ದರೆ ಈ ಲೆಕ್ಕವನ್ನು ಗಟ್ಟಿಯಾಗಿಯೇ ಮಾಡಿ. ಟ್ರೇನರ್ ಕಿರುಚುವಾಗ "ಹಾಗೆ ಮಾತಾಡಬಾರದು" ಎಂದು ಯಾರಾದರೂ ಒಬ್ಬರು ಹೇಳಿದರೆ ಆ ಕೋಣೆಯಲ್ಲಿ ದಪ್ಪಗಿರುವವರ ಭುಜ ಇಳಿಯುತ್ತದೆ. ಅವರು ಎದ್ದು ಹೋದರೆ ಹಿಂದೆ ಕರೆಯಬೇಡಿ, ಚಾನೆಲ್ ಬದಲಿಸಿ.

ಇಂಥ ಶೋಗೆ ಅರ್ಜಿ ಹಾಕಲು ಯೋಚಿಸುವವರೂ ಇರುತ್ತಾರೆ, ಅವರನ್ನು ಯಾರೂ ಹಂಗಿಸಬೇಕಾಗಿಲ್ಲ. ಬೇರೆಲ್ಲೂ ಕೈಗೆಟುಕದ ವೈದ್ಯರು, ಆಹಾರ ತಜ್ಞರು, ತಿಂಗಳುಗಟ್ಟಲೆ ರಜೆ ಒಟ್ಟಿಗೆ ಸಿಗುವ ದಾರಿ ಕೆಲವರಿಗೆ ಅದೊಂದೇ. ಸಹಿ ಹಾಕುವ ಮುಂಚೆ ಲಿಖಿತವಾಗಿ ಕೇಳಿ ಪಡೆಯಬೇಕಾದ ಉತ್ತರಗಳಿವೆ. ಆವರಣದಲ್ಲಿ ವೈದ್ಯರು ದಿನಕ್ಕೆ ಎಷ್ಟು ಹೊತ್ತು ಇರುತ್ತಾರೆ? ವ್ಯಾಯಾಮ ನಿಲ್ಲಿಸು ಎಂದು ಅವರು ಹೇಳಿದರೆ ನಿರ್ಮಾಪಕರು ಅದನ್ನು ಮೀರಬಹುದೇ? ಸೇರುವ ಮುನ್ನ ಹೃದಯ, ಮಂಡಿ, ಪಿತ್ತಕೋಶ, ಮೂತ್ರಪಿಂಡಗಳ ಪರೀಕ್ಷೆ ಮಾಡಿಸಿ ಅದರ ಪ್ರತಿ ನಮ್ಮ ಕೈಗೆ ಕೊಡುತ್ತಾರೆಯೇ? ರಕ್ತದೊತ್ತಡ ಮತ್ತು ಸಕ್ಕರೆಯ ಮಾತ್ರೆಗಳನ್ನು ತೂಕ ಇಳಿದಂತೆ ತಗ್ಗಿಸುವವರು ಯಾರು? ಹಳೆಯ ಪ್ರಮಾಣವೇ ಮುಂದುವರಿದರೆ ತಲೆ ಸುತ್ತಿ ಬೀಳುವುದು ಅಲ್ಲಿಂದಲೇ ಶುರು. ಶೋ ಮುಗಿದ ಮೇಲೆ ಎಷ್ಟು ವರ್ಷ ತಪಾಸಣೆ, ಆಪ್ತಸಮಾಲೋಚನೆ ಸಿಗುತ್ತದೆ? ಜೋತುಬಿದ್ದ ಚರ್ಮದ ಮಡಿಕೆಗಳಲ್ಲಿ ಹುಣ್ಣಾದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು? ಚಿತ್ರೀಕರಿಸಿದ ಯಾವ ದೃಶ್ಯವನ್ನು ಬಳಸಬಾರದು ಎಂದು ಹೇಳುವ ಹಕ್ಕು ಇದೆಯೇ? ಮಧ್ಯದಲ್ಲಿ ಬೇಡ ಎನಿಸಿದರೆ ದಂಡ ಕಟ್ಟದೆ, ಫೋನ್ ವಾಪಸ್ ಪಡೆದು, ಅದೇ ದಿನ ಮನೆಗೆ ಹೋಗಬಹುದೇ? ಈ ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಒಪ್ಪಿಕೊಳ್ಳಬೇಡಿ, ಕರಾರಿನಲ್ಲಿ ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.